ಕಡಗವಿಲ್ಲದ ಸಪ್ಪಳ

ಮೊನ್ನೆ ಮಗಳು ಅಪ್ಪನ ಜೊತೆ ಹೋಗಿ ದುರ್ಗದಬೈಲಿನ ಪೇಟೆಯಿಂದ ಒಂದು ಉಕ್ಕಿನ ಕಡಗ ತಂದಳು. ಮನೆಗೆ ಬಂದವಳೇ ಅದನ್ನು ಕೈಗೆ ಹಾಕಿಕೊಂಡು ಗೇಟಿಗೆ ಎರಡು ಸಲ ಬಡಿದಳು. "ಅವ್ವಾ, ಹೆಂಗ ಸಪ್ಪಳ ಬರತೈತಿ ಕೇಳು!" ನಾನು ಕೇಳಿದೆ, ಕೇಳಿದ್ದೇ ತಡ ಅವಳ ಮೇಲೆ ಹರಿಹಾಯ್ದೆ, ಕಡಗ ಕಸಿದು ಕಪಾಟಿನಲ್ಲಿಟ್ಟೆ. ಎರಡು ದಿನ ಮುಖ ಗಂಟು ಹಾಕಿಕೊಂಡು ಓಡಾಡಿತು ಹುಡುಗಿ. ಅವಳದೇನೂ ತಪ್ಪಿರಲಿಲ್ಲ, ಪಾಪ. ಆ ಸಪ್ಪಳ ನನಗೆ ಸುಮಾರು ಮೂವತ್ತು ವರ್ಷದ ಹಿಂದಿನದು.

ಆಗ ನಮ್ಮ ಮನೆ ತಾರಿಹಾಳದ ರಸ್ತೆಯ ಬದಿಗಿತ್ತು. ಅಪ್ಪನಿಗೆ ಅಲ್ಲಿಯ ಒಂದು ಲೇಥ್ ವರ್ಕ್‌ಶಾಪಿನಲ್ಲಿ ಕೆಲಸ. ಹಗಲಿಡೀ ಲಾರಿಗಳು ಕಬ್ಬಿಣದ ಸರಳು ಹೇರಿಕೊಂಡು ಓಡುತ್ತಿದ್ದ ಆ ರಸ್ತೆಯಲ್ಲಿ ನಮ್ಮ ಶಾಲೆಯ ಬಸ್ಸು ಸಂಜೆ ನಾಲ್ಕೂವರೆಗೆ ನಿಲ್ಲುತ್ತಿತ್ತು. ಮಕ್ಕಳನ್ನು ಇಳಿಸಿ ರಸ್ತೆ ದಾಟಿಸಲು ಬಸ್ಸಿನಲ್ಲಿ ಒಬ್ಬಾಕೆ ಇದ್ದಳು. ನಾವೆಲ್ಲ ಆಕೆಯನ್ನು ಆಯಿ ಎನ್ನುತ್ತಿದ್ದೆವು. ಹೆಬ್ಬಳ್ಳಿಯವಳು. ಹಣೆ ತುಂಬ ವಿಭೂತಿ, ಎಡಗೈ ತುಂಬ ಹಸಿರು ಬಳೆ. ಬಲಗೈಯಲ್ಲಿ ಮಾತ್ರ ಒಂದೇ ಒಂದು ಉಕ್ಕಿನ ಕಡಗ, ಯಾಕೆಂದರೆ ಆ ಕೈಗೆ ಬಳೆ ಹಾಕಿದರೆ ವಾರವೂ ಉಳಿಯುತ್ತಿರಲಿಲ್ಲ. ಎಲ್ಲ ಮಕ್ಕಳು ದಾಟಿದ ಮೇಲೆ ಬಾಗಿಲ ಹತ್ತಿರ ಬಂದು ಬಸ್ಸಿನ ಮೈಗೆ ಬಲಗೈಯಿಂದ ಎರಡು ಸಲ ಬಡಿಯುತ್ತಿದ್ದಳು. ಅಂಗೈಯ ಧಬ್, ಜತೆಗೇ ಕಡಗದ ಠಣ್. ಅದಾಗದೆ ಡ್ರೈವರ್ ಗೇರು ಹಾಕುತ್ತಿರಲಿಲ್ಲ.

ಒಂದು ದಿನ ಆಯಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನಿಂತ ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂರಿಸಿ, ತಾನು ಇಳಿದು ಹೋಗಿ ಬಸ್ಸಿನ ಮೂತಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ನಾ ಕಾಣತೇನೇನ?" ಎಂದು ಅಲ್ಲಿಂದಲೇ ಕೂಗಿದಳು.

"ಇಲ್ಲ ಆಯಿ, ನೀ ಎಲ್ಲೂ ಇಲ್ಲ!" ಎಂದು ನಾನು ಸೀಟಿನ ಮೇಲೆ ನಿಂತು ಕೂಗಿದ್ದೆ.

ಆಕೆ ಎದ್ದು ನಿಂತು ಸೆರಗು ಕೊಡವಿಕೊಂಡಳು. "ನಾ ಇಲ್ಲೇ ಅದೇನಿ. ನಿನಗ ಕಾಣಲಿಲ್ಲ ಅಷ್ಟ. ಡ್ರೈವರಗೂ ಕಾಣೂದಿಲ್ಲ, ತಿಳೀತೇನು?" ತಿಳಿದಿತ್ತು. ಅದಕ್ಕೇ ಈಗಲೂ ನನಗೆ ನೆವ ಹೇಳಲು ಬಾಯಿಲ್ಲ.

ಶಾಲೆಯಲ್ಲಿ ನಾನಾಗ ಮೂರನೆಯ ಇಯತ್ತೆ. ನಾನು ಹುಟ್ಟಾ ಬಾಯಿಬಡುಕಿ, ಎಲ್ಲದರಲ್ಲೂ ನಂದೊಂದು ಕೈ ಇರಬೇಕು. ಅಷ್ಟು ದೊಡ್ಡ ಬಸ್ಸು ಎರಡು ಏಟಿಗೆ ಹೊರಡುತ್ತದಲ್ಲ, ಆ ಎರಡು ಏಟು ನಾನು ಕೊಡಬೇಕೆಂಬ ಆಸೆ ನನಗೆ ಎಷ್ಟೋ ದಿನದಿಂದ ಇತ್ತು. ಬಾಗಿಲಿನ ಕಡೆಗೇ ನಮ್ಮ ಮನೆ, ರಸ್ತೆ ದಾಟುವ ಗೊಡವೆ ನನಗಿರಲಿಲ್ಲ. ಅವತ್ತು ಇಳಿದು ಬಸ್ಸಿನ ಹಿಂಬದಿಯಿಂದ ಇಣುಕಿ ನೋಡಿದೆ. ಆಚೆ ಬದಿಗೆ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ಆಯಿ ಕಾಣಲಿಲ್ಲ. ಇದೇ ಹೊತ್ತು ಅನ್ನಿಸಿತು. ಅಂಗೈ ಎತ್ತಿ ಬಡಿದೆ, ಎರಡು ಸಲ...

ಬಸ್ಸು ಹೊರಟಿತು. ಒಂದನೇ ಇಯತ್ತೆಯ ಹುಡುಗಿಯೊಬ್ಬಳ ನೀರಿನ ಬಾಟಲಿ ಬಸ್ಸಿನ ಮುಂದೆ ಉರುಳಿತ್ತು. ಆಯಿ ಅದನ್ನು ತೆಗೆಯಲು ಬಗ್ಗಿದ್ದಳು. ಆಚೆ ನಿಂತ ಮಕ್ಕಳು ಕಿರುಚಿದ ಮೇಲೆ ಡ್ರೈವರ್ ಬ್ರೇಕು ಹಾಕಿದ. ಅಷ್ಟರಲ್ಲಿ ಮುಂದಿನ ಗಾಲಿ ಆಕೆಯ ಪಾದದ ಮೇಲೆ ಹತ್ತಿ ಇಳಿದಿತ್ತು. ನಾನು ಮನೆಗೆ ಓಡಿ ಹೋಗಿ ಮಂಚದ ಕೆಳಗೆ ಸೇರಿಕೊಂಡೆ.

ಮೂರನೆಯ ದಿನ ಅವ್ವ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮುಖ್ಯೋಪಾಧ್ಯಾಯಿನಿಯೂ ಡ್ರೈವರನೂ ಅಲ್ಲಿದ್ದರು. ಡ್ರೈವರ್ ಕೈ ಮುಗಿದು ಹೇಳುತ್ತಿದ್ದ: "ಅವತ್ತ ಕಡಗದ ಸಪ್ಪಳ ಬರಲಿಲ್ರಿ ಮೇಡಂ. ಬರೇ ಅಂಗೈ ಸಪ್ಪಳ. ಅಭ್ಯಾಸ ನೋಡ್ರಿ, ಗಾಡಿ ಬಿಟ್ಟಬಿಟ್ಟೆ. ಯಾವುದೋ ಹುಡುಗರು ಬಡದಾವ್ರಿ."

ನಾನು ಅವ್ವನ ಸೀರೆಯ ಹಿಂದೆ ಅಡಗಿದ್ದೆ. ಆಯಿ ತಲೆ ಹೊರಳಿಸಿ ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಎಲ್ಲ ಬರೆದಿದ್ದಿರಬೇಕು.

"ಯಾರೂ ಬಡದಿಲ್ರಿ ಮೇಡಂ, ನಾನ ಎಡಗೈಲೇ ಬಡದೆ," ಎಂದಳು ಆಯಿ. "ಬಲಗೈಯಾಗ ಕೂಸಿನ ಚೀಲ ಇತ್ತು. ಬಡದ ಮ್ಯಾಲೆ ಬಾಟಲಿ ಕಂಡ್ತು, ಹೊಳ್ಳಿ ಬಗ್ಗಿದೆ. ತಪ್ಪು ನಂದ ಐತ್ರಿ."

ಡ್ರೈವರ್ ಆಕೆಯ ಎಡಗೈ ನೋಡಿದ. ಹಸಿರು ಬಳೆಗಳಲ್ಲಿ ಒಂದೂ ಒಡೆದಿರಲಿಲ್ಲ. ಆಕೆ ಸುಳ್ಳು ಹೇಳಿದ್ದು ಅವನಿಗೆ ತಿಳಿಯಿತೆಂದು ನನಗೂ ತಿಳಿಯಿತು. ಆದರೆ ಅವನು ತಲೆ ತಗ್ಗಿಸಿ ಹೊರಗೆ ಹೋದ. ತಾನು ಹೇಳಿಕೊಟ್ಟಿದ್ದನ್ನು ತಾನೇ ಮರೆಯುವವಳ ಕೈಗೆ ಮಕ್ಕಳನ್ನು ಕೊಡುವುದು ಹೇಗೆ ಎಂದು ಶಾಲೆಯವರು ಆಕೆಯನ್ನು ಕೆಲಸದಿಂದ ಬಿಡಿಸಿದರು. ಬಾಯಿಬಡುಕಿಯಾದ ನಾನು ಅವತ್ತು ಬಾಯಿ ಬಿಡಲಿಲ್ಲ. ಮುಂದೆಯೂ ಬಿಡಲಿಲ್ಲ. ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಲೇ ಶಾಲೆ ಮುಗಿಯಿತು, ಧಾರವಾಡದಲ್ಲಿ ಕಾಲೇಜು ಮುಗಿಯಿತು, ಮದುವೆಯಾಯಿತು...

ಹೋದ ವರ್ಷ ಮಗಳನ್ನು ಮೊದಲ ಸಲ ಶಾಲೆಯ ಬಸ್ಸಿಗೆ ಹತ್ತಿಸಿದ ದಿನ ತಡೆಯಲಾಗಲಿಲ್ಲ. ಮಧ್ಯಾಹ್ನವೇ ಹೆಬ್ಬಳ್ಳಿಗೆ ಹೋದೆ. ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಆಯಿಯ ಸೊಸೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. "ಅತ್ತಿ ಹೋಗಿ ನಾಕ ವರ್ಷ ಆತ್ರಿ," ಎಂದಳು. ನಾನು ನಿಂತಲ್ಲೇ ಹೇಳಿಬಿಟ್ಟೆ: "ಅವತ್ತ ಬಸ್ಸಿಗೆ ಬಡದಾಕಿ ನಾನ್ರಿ."

ಆಕೆಯ ಕೈಯಲ್ಲಿನ ಮೊರ ನಿಂತಿತು. "ನಮಗೂ ಎಡಗೈಲೇ ಬಡದೆ ಅಂತನ ಹೇಳಿದ್ಲಲ್ರಿ... ಕುಂಟುಕೋತ ಓಡ್ಯಾಡೂವಾಗ ನಮ್ಮ ಮನಿಯವರು ಎಷ್ಟ ಬೈತಿದ್ರು, ನಿನ್ನ ಕೈಲೇ ನಿನ್ನ ಕಾಲ ಕಳಕೊಂಡಿ ಅಂತ. ಕಡೀತನಾ ಬೈಸಿಕೊಂಡ್ಲು ನೋಡ್ರಿ, ಒಂದ ಮಾತ ಆಡಲಿಲ್ಲ." ಆಮೇಲೆ ಮೊರ ಕೆಳಗಿಟ್ಟು, "ಕೂಡ್ರಿ, ಚಹಾ ಮಾಡತೇನಿ," ಎಂದು ಒಳಗೆ ಹೋದಳು. ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು.

ನಿನ್ನೆ ಮಗಳಿಗೆ ಕಡಗ ವಾಪಸು ಕೊಟ್ಟೆ. ಯಾಕೆ ಕಸಿದೆ ಎಂಬುದನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನೀ ಯಾಕ ಲಗೂ ಹೋಗಲಿಲ್ಲ ಅವ್ವಾ?" ಎಂದು ಕೇಳಿದಳು.

ಇವತ್ತು ಮುಂಜಾನೆ ಅವಳ ಬಸ್ಸು ಬಂತು. ಅದಕ್ಕೆ ಮುಂದೆ ಕ್ಯಾಮೆರಾ ಇದೆ, ಡ್ರೈವರನ ಎದುರು ಪುಟ್ಟ ಪರದೆಯೂ ಇದೆ. ಮಗಳು ಹತ್ತಿ ಕಿಟಕಿಯಿಂದ ಕೈ ಬೀಸಿದಳು, ನಾನು ಬೀಸಲಿಲ್ಲ. ದಿನಾಲೂ ಹಾಗೆಯೇ, ಬಸ್ಸು ತಿರುವು ದಾಟುವವರೆಗೆ ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿರುತ್ತೇನೆ.