ಸಂಶಿಯ ಖಾರಕ್ಕೆ ಕಾವಲು ಹೋದದ್ದು

ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಏಳಕ್ಕೆ ಅಣ್ಣಿಗೇರಿ ಬಸ್ ನಿಲ್ದಾಣದಲ್ಲಿ ನಾನು, ನನ್ನ ಅಜ್ಜಿ ಮತ್ತು ಎಂಟು ಕಿಲೋ ಬ್ಯಾಡಗಿ ಮೆಣಸಿನಕಾಯಿಯ ಚೀಲ ನಿಂತಿದ್ದೆವು. ಇಡೀ ನಿಲ್ದಾಣದಲ್ಲಿ ಅಜ್ಜಿಗೆ ನಂಬಿಕೆ ಇದ್ದದ್ದು ಆ ಚೀಲದ ಮೇಲೆ ಮಾತ್ರ.

ನಮ್ಮ ಬಳಗದ ನಾಲ್ಕು ಮನೆಗಳಿಗೆ ವರ್ಷದ ಮಸಾಲೆ ಖಾರ ಮಾಡುವವಳು ಸಂಶಿಯಲ್ಲಿರುವ ಗಂಗತ್ತಿ, ಅಜ್ಜಿಯ ಹಿರಿಯ ಮಗಳು. ಅಜ್ಜಿ ಮೆಣಸಿನಕಾಯಿ ಕಳಿಸುತ್ತಾಳೆ. ಅತ್ತಿ ಹುರಿದು, ಕುಟ್ಟಿಸಿ, ಡಬ್ಬಿ ತುಂಬಿ ಕಳಿಸುತ್ತಾಳೆ. ಕುಂದಗೋಳದ ಒಂದು ಖಾನಾವಳಿಗೂ ಅವಳದೇ ಖಾರ; ಅವಳ ಮನೆ ನಡೆಯುವುದೇ ಅದರಿಂದ. ಆದರೆ ಹೋದ ವರ್ಷ ನಮಗೆ ಬಂದ ಖಾರ ಸುಟ್ಟ ವಾಸನೆ ಹೊಡೆಯುತ್ತಿತ್ತು. ಒಂದು ಚಮಚ ಹಾಕಿದರೆ ಸಾಕು, ಬದನೆಕಾಯಿ ಪಲ್ಯವನ್ನು ಬೆಂಕಿ ಬಿದ್ದ ಬಣವೆಯಿಂದ ಎತ್ತಿ ತಂದ ಹಾಗಿರುತ್ತಿತ್ತು. ಅಜ್ಜಿ ಅಂದೇ ತೀರ್ಪು ಕೊಟ್ಟಳು: ನನ್ನ ಒಳ್ಳೆಯ ಮೆಣಸಿನಕಾಯಿ ಖಾನಾವಳಿಗೆ ಹೋಗಿದೆ, ನಮಗೆ ಬದಲಿ ಮಾಲು ಬಂದಿದೆ. ಇದನ್ನು ಇಡೀ ಓಣಿಗೂ ಹೇಳಿ ಬಂದಳು. ಈ ಸಲ ಎದುರಿಗೆ ಕೂತು ಮಾಡಿಸುವುದು. ಕಳ್ಳತನ ಸಿಕ್ಕರೆ ಖಾರದ ಕೆಲಸ ನವಲಗುಂದದ ಸಣ್ಣತ್ತಿಗೆ. ಸುದ್ದಿ ಖಾನಾವಳಿಗೂ ಮುಟ್ಟುತ್ತದೆ ಎಂಬುದು ನನಗೂ ಗೊತ್ತಿತ್ತು.

"ಮಂಜ್ಯಾ, ಅತ್ತಿ ಅಂತ ಕರಗಬ್ಯಾಡ. ನಿದ್ದಿ ಮಾಡಿದ್ರ ಒಂದ ಕಣ್ಣಲೆ ಮಾಡು," ಎಂದು ಅಜ್ಜಿ ನನ್ನನ್ನು ಗೂಢಚಾರನನ್ನಾಗಿ ನೇಮಿಸಿದಳು.

ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಸುಮಾರು ಮೂವತ್ತೈದು ಕಿಲೋಮೀಟರ್. ಆಧಾರ್ ಕಾರ್ಡು ತೋರಿಸಿದ ಅಜ್ಜಿಗೆ ಟಿಕೆಟ್ ಫ್ರೀ, ನನಗೂ ಚೀಲಕ್ಕೂ ದುಡ್ಡು. ಕರೋನಾ ಹೋಗಿ ಇಷ್ಟು ವರ್ಷವಾದರೂ ಅಜ್ಜಿಯ ಎಲೆ ಅಡಿಕೆ ಸಂಚಿಯಲ್ಲಿ ಸ್ಯಾನಿಟೈಸರ್ ಬಾಟಲಿ ಇರುತ್ತದೆ. ಮೊದಲು ಸೀಟಿಗೆ ಹೊಡೆದಳು, ಆಮೇಲೆ ಟಿಕೆಟ್ಟಿಗೆ ಹೊಡೆದಳು. ಕಂಡಕ್ಟರ್ ತನ್ನ ಸರದಿ ಬರುವ ಮೊದಲೇ ಹಿಂದಿನ ಬಾಗಿಲಿಗೆ ಓಡಿದ. ನವಿಲು ಬಣ್ಣದ ಅಂಗಿಯ ಒಬ್ಬ ಸೀನಿದ್ದಕ್ಕೆ ಅಜ್ಜಿ ಎಂತಹ ನೋಟ ಬಿಟ್ಟಳೆಂದರೆ, ಅವನು ಮುಂದಿನ ನಿಲ್ದಾಣದಲ್ಲಿ ಇಳಿದೇಬಿಟ್ಟ. ಅದು ಅವನ ಊರಾಗಿರಲಿಕ್ಕಿಲ್ಲ.

ಹುಬ್ಬಳ್ಳಿಯಲ್ಲಿ ಒಂದು ಪ್ಲೇಟ್ ಗಿರ್ಮಿಟ್ ತಿಂದು ಲಕ್ಷ್ಮೇಶ್ವರದ ಬಸ್ಸು ಹತ್ತಿದೆವು. ಕುಂದಗೋಳ ದಾಟುವ ಹೊತ್ತಿಗೆ ಬಿಸಿಲಿಗೆ ಕಪ್ಪು ಎರಿ ಹೊಲಗಳು ಬಿರಿದು, ಆ ಬಿರುಕುಗಳಲ್ಲಿ ನಮ್ಮ ಶಾಲೆಯ ಮೇಷ್ಟ್ರು ನಿಂತರೂ ಟೋಪಿ ಮಾತ್ರ ಕಾಣುವಷ್ಟಾಗಿದ್ದವು. ಸಂಶಿಯಲ್ಲಿ ಇಳಿದಾಗ ಹನ್ನೊಂದೂವರೆ.

ಗಂಗತ್ತಿ ಬಾಗಿಲಲ್ಲೇ ನಗುತ್ತಾ ನಿಂತಿದ್ದಳು. "ಬಾ ಅವ್ವಾ. ಬಾರೋ ಮಂಜ್ಯಾ, ಎಷ್ಟ ಉದ್ದ ಆಗೀದಿಯೋ!" ಅಜ್ಜಿ ಚೀಲವನ್ನು ಮಗಳ ಕೈಗೆ ಕೊಡದೆ ತನ್ನ ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡು ಕೂತಳು.

ಊಟವಾದ ಮೇಲೆ ನಾನು ತನಿಖೆ ಶುರು ಮಾಡಿದೆ. ಅನುಮಾನಕ್ಕೆ ಕಾರಣಗಳು ಬೇಕಾದಷ್ಟು ಸಿಕ್ಕವು. ಅತ್ತಿ ಒಗ್ಗರಣೆ ಹಾಕುವಾಗ ಬಾಯಲ್ಲಿ ಏನೋ ಪಿಟಿಪಿಟಿ ಅನ್ನುತ್ತಿದ್ದಳು. ಮಂತ್ರವೇ ಇರಬೇಕು ಅಂದುಕೊಂಡೆ. ಸಂಜೆ ನಾನು ಅಂಗಳದಲ್ಲಿದ್ದೆ. ಹಾಲು ಸೀದ ವಾಸನೆ ಬಂತು, ಲಕ್ಷ್ಮೇಶ್ವರದ ನಾಯಿಗಳೂ ಬೊಗಳಿರಬೇಕು, ಅಷ್ಟು. ಒಳಗೆ ಓಡಿದರೆ ಅತ್ತಿ ಅದೇ ಒಲೆಯ ಪಕ್ಕದಲ್ಲಿ ಆರಾಮಾಗಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು.

ನಾನು ಇಂಗಿನ ಉಂಡೆಯನ್ನು ಕರ್ಚೀಫಿನಲ್ಲಿ ಸುತ್ತಿ ಅವಳ ಮೂಗಿಗೆ ಹಿಡಿದೆ. "ಅತ್ತಿ, ಈ ಹೊಸಾ ಸೆಂಟು ಹೆಂಗೈತಿ?"

ಅತ್ತಿ ಕಣ್ಣು ಮುಚ್ಚಿ ಉಸಿರೆಳೆದಳು. "ಅಗದಿ ಚಲೋ ಐತಿ ನೋಡು. ಮಲ್ಲಿಗಿದಲಾ?"

ನನ್ನ ಮುಖ ನೋಡಿ ಅವಳ ನಗು ನಿಂತಿತು. ಕರ್ಚೀಫು ಬಿಚ್ಚಿ ನೋಡಿದಳು. ಅಜ್ಜಿ ಮಲಗಿದ್ದ ಕೋಣೆಯ ಕಡೆಗೊಮ್ಮೆ ಇಣುಕಿ ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಎಲ್ಲ ಹೇಳಿದಳು.

ಎರಡನೇ ಅಲೆಯಲ್ಲಿ ಅತ್ತಿಗೆ ಕರೋನಾ ಆಗಿತ್ತು. ಜ್ವರ ಹತ್ತು ದಿನಕ್ಕೆ ಹೋಯಿತು. ಹೋಗುವಾಗ ವಾಸನೆಯನ್ನೂ ತೆಗೆದುಕೊಂಡು ಹೋಯಿತು. ಎಲ್ಲರಿಗೂ ತಿರುಗಿ ಬಂತು, ಅವಳಿಗೆ ಬರಲಿಲ್ಲ. ಪಿಟಿಪಿಟಿ ಮಂತ್ರವಲ್ಲ, ಎಣಿಕೆ. ಜೀರಿಗೆಗೆ ಇಷ್ಟು, ಹವೀಜಕ್ಕೆ, ಅಂದರೆ ಕೊತ್ತಂಬರಿ ಬೀಜಕ್ಕೆ, ಇಷ್ಟು, ಒಣ ಕೊಬ್ಬರಿಗೆ ಇಷ್ಟು ಎಂದು ಎಣಿಸಿ ಎಣಿಸಿ ಹುರಿಯುತ್ತಿದ್ದಳು. ಹೋದ ವರ್ಷ ಹಳೆಯ ಬಾಣಲೆ ತೂತು ಬಿತ್ತು. ಹೊಸದು ತೆಳ್ಳಗಿತ್ತು, ಎಣಿಕೆ ಕೈಕೊಟ್ಟಿತು. (ಇದನ್ನು ಬರೆಯಲು ಅತ್ತಿ ಒಪ್ಪಿದ್ದಾಳೆ. ಈಗ ಖಾನಾವಳಿಯವರಿಗೂ ಅವಳೇ ಹೇಳಿದ್ದಾಳೆ.)

"ವಾಸನಿ ಬರದಾಕಿ ಕೈಯಾಗಿನ ಖಾರ ಯಾರ ತಗೋತಾರೋ? ಅವ್ವಗ ಹೇಳಬ್ಯಾಡ," ಎಂದಳು.

ಗೂಢಚಾರನಾಗಿ ಬಂದವನು ಅಲ್ಲಿಯೇ ಪಕ್ಷ ಬದಲಿಸಿದೆ. ನನ್ನ ಮೂಗು ಅವಳಿಗೆ ಸಾಲ. ಮಸಾಲೆ ಹದಕ್ಕೆ ಬಂದ ಕೂಡಲೇ ನಾನು ಒಮ್ಮೆ ಕೆಮ್ಮುವುದು, ಅವಳು ಬಾಣಲೆ ಇಳಿಸುವುದು. ಇಂತಹ ಉಪಾಯ ಧಾರವಾಡ ಜಿಲ್ಲೆಯಲ್ಲಿ ಇನ್ನೊಬ್ಬರಿಗೆ ಹೊಳೆದಿರಲಿಕ್ಕಿಲ್ಲ.

ಯಾಕೆ ಹೊಳೆದಿರಲಿಲ್ಲ ಎಂಬುದು ರವಿವಾರ ಬೆಳಿಗ್ಗೆ ತಿಳಿಯಿತು. ಹಿತ್ತಲಲ್ಲಿ ಎರಡು ಒಲೆ ಹೂಡಿದ್ದರು. ತನ್ನ ಮೆಣಸಿನಕಾಯಿಯನ್ನು ಯಾರಿಗೂ ಕೊಡದ ಅಜ್ಜಿ ಒಂದರಲ್ಲಿ ತಾನೇ ಹುರಿಯಲು ಕೂತಳು. ಇನ್ನೊಂದರಲ್ಲಿ ಅತ್ತಿ ಹವೀಜ ಹಾಕಿದಳು. ಮೆಣಸಿನಕಾಯಿಯ ಘಾಟು ಎದ್ದದ್ದೇ ತಡ, ನಾನು ಕೆಮ್ಮಿದೆ. ಅತ್ತಿ ಬಾಣಲೆ ಇಳಿಸಿದಳು. ಅಲ್ಲ ಎಂದು ತಲೆ ಅಲ್ಲಾಡಿಸಿದೆ, ಮತ್ತೆ ಇಟ್ಟಳು. ಮತ್ತೆ ಕೆಮ್ಮಿದೆ, ಮತ್ತೆ ಇಳಿಸಿದಳು. ಆಚೆ ಮನೆಯವರು ಕೆಮ್ಮಿದರು, ಎಮ್ಮೆ ಕೆಮ್ಮಿತು. ಬಾಣಲೆ ಏರುತ್ತಿತ್ತು, ಇಳಿಯುತ್ತಿತ್ತು.

"ಏನವಾ, ಹವೀಜದ ಕಡಿಂದ ಬಸ್ಕಿ ಹೊಡಸ್ತೀಯೇನು?" ಎಂದಳು ಅಜ್ಜಿ.

ಅತ್ತಿ ಬಾಣಲೆ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಅಜ್ಜಿ ಎದ್ದು ಬಂದಳು. ಬಾಣಲೆಯಿಂದ ಒಂದು ಚಿಟಿಕೆ ಎತ್ತಿ ತಾನು ಮೂಸಿದಳು, ಆಮೇಲೆ ಮಗಳ ಮೂಗಿನ ಮುಂದೆ ಹಿಡಿದಳು. "ಹಸೀದೈತೋ, ಹುರದೈತೋ?"

"ಗೊತ್ತಾಗೂದಿಲ್ಲವ್ವಾ. ಕರೋನಾ ಆದಾಗಿಂದ ಏನೂ ಗೊತ್ತಾಗೂದಿಲ್ಲ."

"ಮೂಗ ಹೋಗಿತ್ತು. ಬಾಯಿ ಇತ್ತಲ್ಲ? ಹೇಳಾಕ ಏನಾಗಿತ್ತು?"

"ಏನಂತ ಹೇಳ್ಲಿ? ಖಾರ ಕೆಟ್ಟಾಗ ಏನಾತವಾ ಅಂತ ಕೇಳಿದೇನು ನೀ? ಕಳವು ಮಾಡೀನಂತ ಓಣಿಗೆಲ್ಲಾ ಹೇಳಿದಿ. ನನಗ ಸುದ್ದಿ ಬಂದೈತಿ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೆಣಸಿನಕಾಯಿ ಘಾಟಿನಲ್ಲಿ ಯಾರ ಕಣ್ಣೀರು ಯಾವುದೆಂದು ಹೇಳಲು ನನ್ನಂತಹ ಗೂಢಚಾರನಿಂದಲೂ ಆಗಲಿಲ್ಲ. ಆಮೇಲೆ ತನ್ನ ಒಲೆಯನ್ನು ನನಗೆ ಬಿಟ್ಟು, ಮಣೆ ಎಳೆದುಕೊಂಡು ಮಗಳ ಪಕ್ಕದಲ್ಲಿ ಕೂತಳು. "ಹಾಕ ಒಲಿ ಮ್ಯಾಲ. ತಿರುವು. ಇನ್ನ... ಇನ್ನೊಂಚೂರು... ಹೂಂ, ಇಳಸು."

ಮಧ್ಯಾಹ್ನ ಖಾರದ ಗಿರಣಿಗೆ ಹೋದೆವು. ಅಲ್ಲಿ ಕರೋನಾ ಕಾಲದಲ್ಲಿ ನೆಲಕ್ಕೆ ಬಳಿದ ಬಿಳಿ ವೃತ್ತಗಳು ಇನ್ನೂ ಮಾಸಲಾಗಿ ಉಳಿದಿದ್ದವು. ಜನ ಈಗ ಒಬ್ಬರಿಗೊಬ್ಬರು ಅಂಟಿಕೊಂಡೇ ನಿಲ್ಲುತ್ತಾರೆ, ವೃತ್ತದೊಳಗೆ ಪಾಳಿಗೆ ಡಬ್ಬಿಗಳು ನಿಲ್ಲುತ್ತವೆ. ಕುಟ್ಟಿದ ಖಾರವನ್ನು ಅಜ್ಜಿ ಮೂಸಿ ಮೂಸಿ ಮೂರು ಸಲ ಸೀನಿದಳು. ಅವಳ ಕಡೆಯಿಂದ ಅದು ಫಸ್ಟ್ ಕ್ಲಾಸ್ ಸರ್ಟಿಫಿಕೇಟ್.

ಸೋಮವಾರ ನನಗೆ ಶಾಲೆ ಇತ್ತು, ಹಾಗಾಗಿ ರವಿವಾರ ಸಂಜೆಯೇ ಹೊರಟೆ. ಖಾನಾವಳಿಯ ಖಾರವನ್ನೂ ಹುರಿದು ಮುಗಿಸುವ ತನಕ ಅಜ್ಜಿ ಸಂಶಿಯಲ್ಲೇ ಉಳಿದಳು. ಬಸ್ಸಿನ ಕಿಟಕಿಯಲ್ಲಿ ಅಜ್ಜಿ ಡಬ್ಬಿ ಕೊಡುವಾಗ ಕೇಳಿದೆ, "ಹೋದ ವರ್ಷದ್ದು ಯಾಕ ಕೆಟ್ಟಿತ್ತು ಅಂತ ಎಲ್ಲಾರೂ ಕೇಳ್ತಾರ. ಏನ ಹೇಳ್ಲಿ?"

"ನನ್ನ ಮೆಣಸಿನಕಾಯಿನ ಮುಗ್ಗಿದ್ದೂವು ಅಂತ ಹೇಳು. ತಪ್ಪು ನಂದ ಅಂತ ಹೇಳು. ಓಣ್ಯಾಗೂ ಹೇಳು."

ಬಸ್ಸು ಹೊರಟಿತು. ತಿರುಗಿ ನೋಡಿದಾಗ ಅಜ್ಜಿ ಆಗಲೇ ಅತ್ತಿಯ ಮನೆಯ ದಾರಿ ಹಿಡಿದಿದ್ದಳು.

ಅಣ್ಣಿಗೇರಿಯಲ್ಲಿ ನನ್ನ ಅವ್ವ ಡಬ್ಬಿ ತೆರೆದು, ಪರಿಮಳಕ್ಕೆ ತಲೆದೂಗಿ, ನಾನು ಅಂದುಕೊಂಡದ್ದನ್ನೇ ಕೇಳಿದಳು. ಅಜ್ಜಿ ಹೇಳಿಕೊಟ್ಟದ್ದನ್ನು ನಾನು ಒಂದಕ್ಷರ ಹಿಗ್ಗಿಸದೆ ಒಪ್ಪಿಸಿದೆ. ಅವ್ವನ ಕೈಯಲ್ಲಿ ಮುಚ್ಚಳ ಹಾಗೆಯೇ ನಿಂತಿತು.

"ತಪ್ಪು ನಂದು ಅಂತ ಅಜ್ಜಿ ಅಂದ್ರು?"

"ಹೂಂ."

ಅವ್ವ ಮುಚ್ಚಳ ಕೆಳಗಿಟ್ಟು ಮೊಬೈಲ್ ಹುಡುಕತೊಡಗಿದಳು. "ಖರೇ ಹೇಳೋ ಮಂಜ್ಯಾ, ಅಜ್ಜಿ ಆರಾಮ ಅದಾರಿಲ್ಲೋ?"