ಚಾಚಾ ಕಾದ ರಾಣಿ ಹೂವು

ಮೊನ್ನೆ ಹೊಸಪೇಟೆಯ ನರ್ಸರಿಯಲ್ಲಿ ಒಂದು ಪೊಟ್ಟಣ ಕೈಗೆ ಸಿಕ್ಕಿತು. ಒಳಗೆ ಒಣಗಿ ಮುದುಡಿದ ಹಕ್ಕಿಯ ಪಾದದಂಥ ಪುಟ್ಟ ಕಂದು ಗಡ್ಡೆಗಳು. ಮೇಲೆ ರನನ್‌ಕ್ಯುಲಸ್ ಎಂದಿತ್ತು. ನನಗೆ ಕೊಟ್ಟೂರಿನ ಪಂಪ್‌ಸೆಟ್ ರಿಪೇರಿ ಚಾಚಾ ಕಣ್ಣಮುಂದೆ ಬಂದರು... ಆ ಹೆಸರಿಗೆ ಅವರ ನಾಲಿಗೆ ಹೊರಳುತ್ತಿರಲಿಲ್ಲ. 'ರಾಣಿ ಹೂವು' ಅನ್ನುತ್ತಿದ್ದರು.

ಆಗ ನಾನು ಅಲ್ಲಿನ ಶಾಲೆಗೆ ಟೀಚರಾಗಿ ಹೊಸದಾಗಿ ಬಂದಿದ್ದೆ. ಚಾಚಾನ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ಎರಡೂ ಮನೆಗೆ ಒಂದೇ ಹಿತ್ತಲು. ಅವರ ಹೆಂಡತಿ ಚಾಚಿಗೆ ಹೂವಿನ ಹುಚ್ಚು. ಫೋನಿನಲ್ಲಿ ಯಾರದೋ ತೋಟದ ವಿಡಿಯೊ ನೋಡಿ, ಪದರ ಪದರ ಪಕಳೆಯ ಈ ಹೂವಿಗೆ ಮನಸೋತು ಗಡ್ಡೆ ತರಿಸಿಕೊಂಡಿದ್ದರು. ಚಳಿ ಬೀಳಲಿ ಎಂದು ಕಾಯುತ್ತಿದ್ದಾಗಲೇ ಅವರಿಗೆ ಎದೆನೋವು ಬಂತು. ದಾವಣಗೆರೆಯಲ್ಲಿ ಹೃದಯದ ಆಪರೇಷನ್ ಆಗಬೇಕು ಅಂದರು. ಹೊರಡುವಾಗ ಕಾರಿನ ಕಿಟಕಿಯಿಂದ ಗಂಡನಿಗೆ ಹೇಳಿದ್ದು ಒಂದೇ ಮಾತು: "ಗಡ್ಡಿ ಹಚ್ಚೋದು ಮರೀಬ್ಯಾಡ್ರಿ."

ಚಾಚಾ ಗಡ್ಡೆಗಳನ್ನು ನೆನೆಸಿ ಕುಂಡಗಳಲ್ಲಿ ಹಚ್ಚಿದರು. ಆಸ್ಪತ್ರೆಯಲ್ಲಿ ಚಾಚಿಯ ತಂಗಿ ಜೊತೆಗಿದ್ದರು. ಚಾಚಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದರು. ಬಂದವರೇ ಚಪ್ಪಲಿ ಕೂಡ ಬಿಡದೆ ಹಿತ್ತಲಿಗೆ ನಡೆದು ಕುಂಡಗಳ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಮಣ್ಣು ಹಸಿಯಾಗಿದ್ದರೂ ನೀರು ಹನಿಸುವರು. ಕೈ ಸುಮ್ಮನಿರುತ್ತಿರಲಿಲ್ಲ. ಚಾಚಿಗೆ ಬಂದ ಜ್ವರ ಇಳಿದಿಲ್ಲವೆಂದು ಡಾಕ್ಟರು ಆಪರೇಷನ್ ಮುಂದೂಡಿದರು. ಮತ್ತೆ ಮುಂದೂಡಿದರು. ಇತ್ತ ಮೊಳಕೆಯೂ ಇಲ್ಲ. ತಡೆಯಲಾರದೆ ಚಾಚಾ ಒಂದು ಕುಂಡ ಕೆದರಿದರು. ಗಡ್ಡೆ ಕೊಳೆತು ಬೆರಳಿಗೆ ಲೋಳೆಯಾಗಿ ಅಂಟಿತು.

"ದವಾಖಾನಿಗೆ ಹೋದ್ರ ಆಕಿ ಮೊದ್ಲು ಇದನ್ನ ಕೇಳ್ತಾಳ, ಟೀಚರಮ್ಮ. ಎಲ್ಲಾ ಮೊಳಕಿ ಒಡದಾವ ಅಂತ ಹೇಳೇನಿ," ಅಂದರು. ಬೆರಳನ್ನು ಲುಂಗಿಗೆ ಒರೆಸುತ್ತಲೇ ಇದ್ದರು... "ನನ್ನ ಸುಳ್ಳಿನಿಂದ ಆಕಿಗೆ ಏನಾರ ಆದ್ರ?"

"ಏನೂ ಆಗಂಗಿಲ್ರಿ ಚಾಚಾ," ಅಂದೆ. ಅಂದಿನಿಂದ ನೀರು ಹಾಕುವುದನ್ನು ನಾನೇ ವಹಿಸಿಕೊಂಡೆ.

ಒಂದು ಮುಂಜಾನೆ ಚಾಚಾ ಕುಂಡದಿಂದ ಏನೋ ಕೀಳಲು ಬಗ್ಗಿದ್ದರು. "ಈ ಕೊತ್ತಂಬರಿ ಎಲ್ಲಿಂದ ಬಂತು?" ಅಂದರು. ಓಡಿಹೋಗಿ ಕೈ ಹಿಡಿದೆ. ಫೋನಿನಲ್ಲಿ ಚಿತ್ರ ಹುಡುಕಿ ತೋರಿಸಿದೆ. ರಾಣಿ ಹೂವಿನ ಎಲೆ ಥೇಟ್ ಕೊತ್ತಂಬರಿಯಂತೆಯೇ. ಚಾಚಾ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರು. ನಗಬಹುದು ಅಂದುಕೊಂಡೆ. ಅಳುತ್ತಿದ್ದರು.

ಆ ವಾರವೇ ಆಪರೇಷನ್ ಆಯಿತು. ಚಾಚಾನ ಫೋನ್ ಬರುವವರೆಗೆ ಕ್ಲಾಸಿನಲ್ಲಿ ನಾನು ಏನು ಪಾಠ ಮಾಡಿದೆನೋ...

ಚಾಚಿ ಮನೆಗೆ ಬಂದಾಗ ಬೇಸಿಗೆಯ ಬಿಸಿಲು ಏರತೊಡಗಿತ್ತು. ಬದುಕಿದ್ದು ಒಂದೇ ಗಿಡ, ಅರಳಿದ್ದು ಒಂದೇ ಕಿತ್ತಳೆ ಬಣ್ಣದ ಹೂವು. ಚಾಚಾ ಅದರ ಮೇಲೆ ತಮ್ಮ ಛತ್ರಿ ಬಿಚ್ಚಿ ಕಟ್ಟಿದ್ದರು. ಚಾಚಿ ಮೆಲ್ಲಗೆ ಪಕಳೆ ಮುಟ್ಟಿ, "ಎಲ್ಲಾ ಬಂದಾವ ಅಂದಿದ್ರಿ?" ಎಂದು ನಕ್ಕರು. ಚಾಚಾ ತಲೆ ಕೆರೆದುಕೊಂಡರು.

ಮುಂದಿನ ವರ್ಷ ಚಾಚಾ ಹೋಗಿಬಿಟ್ಟರು. ಅಂಗಡಿಯಲ್ಲಿ ಮೋಟಾರು ಬಿಚ್ಚುತ್ತಾ ಕೂತಿದ್ದವರು ಹಾಗೇ ಒರಗಿದರಂತೆ. ಒಂದು ದಿನವೂ ಮಾತ್ರೆ ನುಂಗಿದವರಲ್ಲ.

ಚಾಚಿ ಈಗ ಹರಪನಹಳ್ಳಿಯಲ್ಲಿ ತಂಗಿಯ ಮನೆಯಲ್ಲಿದ್ದಾರೆ. ನಿನ್ನೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ ಚಾಚಾನ ಸುದ್ದಿಗೆ ಬಂದೆವು.

"ಎಲ್ಲಾರೂ ನನಗ ಏನಾಗ್ತೈತೋ ಅಂತ ಅಂಜಿದ್ರವ್ವ," ಅಂದರು. "ಅವ್ರ ಸಲುವಾಗಿ ಯಾರೂ ಅಂಜಲೇ ಇಲ್ಲ."