ಕಿಟಕಿ ಪಕ್ಕದ ಸೀಟು

ಶಾಲೆಗಳಿಗೆ ಕಂಪ್ಯೂಟರ್ ಕೊಡುವ ಕೇಂದ್ರ ಸರ್ಕಾರದ ಯೋಜನೆಗೆ ನಮ್ಮ ಕಡೆ ಉಜ್ಜನಪ್ಪ ಮೇಷ್ಟ್ರೇ ದೊರೆ. ಎಂಬತ್ತೈದನೇ ಇಸವಿಯಲ್ಲಿ ದಾವಣಗೆರೆಯ ಒಂದು ಶಾಲೆಗೂ ಹರಿಹರದ ಒಂದು ಶಾಲೆಗೂ ಸೇರಿ ಬಂದದ್ದು ಒಂದೇ ಕಂಪ್ಯೂಟರ್. ಮೇಷ್ಟ್ರು ಅದನ್ನು ಕಂಬಳಿಯಲ್ಲಿ ಸುತ್ತಿ, ಅದಕ್ಕೂ ಟಿಕೆಟ್ ತೆಗೆದು, ಬಸ್ಸಿನ ಕಿಟಕಿ ಪಕ್ಕ ಕೂರಿಸಿ ಆ ಶಾಲೆಯಿಂದ ಈ ಶಾಲೆಗೆ ಒಯ್ಯುತ್ತಾರೆ. ಗಾಳಿ ಬೀಸಿದರೆ ಕೂಸಿಗೆ ಹೊದಿಸಿದಂತೆ ಕಂಬಳಿ ಎಳೆಯುತ್ತಾರೆ. ಯಾರಾದರೂ ಕೂರಲು ಬಂದರೆ, "ಕಂಪ್ಯೂಟರ್ ಐತೆ, ಮುಂದೆ ಹೋಗ್ರಿ" ಎನ್ನುತ್ತಾರೆ. ಶಾಲೆಯಲ್ಲಿ ಮಕ್ಕಳು ಮುಟ್ಟಲು ಮುಗಿಬಿದ್ದರೆ, "ತಡೀರಲೇ, ಬಸ್ಸಿನಾಗೆ ಬಂದು ದಣಿದೈತೆ" ಎಂದು ಗದರುತ್ತಾರೆ. ಒಂದು ದಿನ ಹೊಸ ಕಂಡಕ್ಟರ್ ಮಕ್ತುಮ್ ಸಾಬ್ ಟಿಕೆಟ್ ಹರಿಯುತ್ತ, "ಮೇಷ್ಟ್ರೇ, ಮನೇರಿಗೂ ಹಿಂಗೇ ಕಿಟಕಿ ಸೀಟು ಹಿಡೀತೀರೇನ್ರಿ?" ಎಂದು ನಕ್ಕ. ಮೇಷ್ಟ್ರ ಕಣ್ಣು ಬಸ್ಸಿನ ಕಂಬಿಯ ಕಡೆ ಹೋಯಿತು. ಹೋದ ವರ್ಷ ತೀರಿಕೊಂಡ ಹೆಂಡತಿ ಅಕ್ಕನಾಗಮ್ಮ ಇದೇ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಬರುತ್ತಿದ್ದಳು. ಇವರು ಕೂತು ಪೇಪರ್ ಓದುತ್ತಿದ್ದರು. ಮರುದಿನದಿಂದ ಆ ಭಾರದ ಕಂಪ್ಯೂಟರ್ ಮೇಷ್ಟ್ರ ತೊಡೆ ಏರಿತು. ದಣಿಯುವವರು ಈಗ ಮೇಷ್ಟ್ರೇ ಆದ್ದರಿಂದ ಮಕ್ಕಳು ಕಾಯಬೇಕಿಲ್ಲ, ಬಂದ ಕೂಡಲೇ ಮುಟ್ಟಬಹುದು. ಟಿಕೆಟ್ ಮಾತ್ರ ಈಗಲೂ ಎರಡು. ಖಾಲಿ ಕಿಟಕಿ ಸೀಟಿನ ಕಡೆ ಯಾರಾದರೂ ಬಂದರೆ, ಮೇಷ್ಟ್ರು ತಲೆ ಎತ್ತದೆ, "ಜನ ಅದಾರೆ" ಎನ್ನುತ್ತಾರೆ.